ಅದು ಹುಟ್ಟಿದ್ದು ಅಕ್ಕನ ಕೋಣೆಯಲ್ಲಿ

ಗಡಿಬಿಡಿ ಮಹಾಶಯನಿಗೆ,

ಈ ಅಡ್ಡಹೆಸರು ಇಟ್ಟವಳು ನನ್ನ ಅಕ್ಕ. ಈಗ ನಿನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಕ್ಕಿಲ್ಲ. ಎಲ್ಲರಿಗೂ ನೀನು ಸಂಸ್ಥಾಪಕರು.

ನಿನ್ನೆ ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ನೀನು ಮಾಡಿದ ಭಾಷಣವನ್ನು ನಾವಿಬ್ಬರೂ ಮನೆಯ ಕಂಪ್ಯೂಟರಿನಲ್ಲಿ ನೋಡುತ್ತಿದ್ದೆವು. ವಿಮಾನ ತಪ್ಪಿ ಪರದೇಶದಲ್ಲಿ ಒಬ್ಬನೇ ಕೂತಿದ್ದಾಗ ನಿನಗೆ ಹೊಳೆಯಿತಂತೆ: ಬಡ ದೇಶಗಳಿಗೆ ನೆರವಾಗಲು ಅಲ್ಲಿಗೇ ಏಕೆ ಹೋಗಬೇಕು, ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಸೇವೆ ಮಾಡಬಾರದೇ! ವಿಮಾನ ನಿಲ್ದಾಣದಲ್ಲಿ ಕೂತು ಎಂಥ ರೈಲು ಬಿಟ್ಟೆಯೋ ಮಹಾರಾಯ!

ಹೊಳೆದದ್ದು ಅಕ್ಕನಿಗೆ. ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದವಳು ಹೊರದೇಶದ ಸೇವೆಗೆ ಅರ್ಜಿ ಹಾಕಿದ್ದಳು. ನಡೆಯಲಾರದವರನ್ನು ಕಳಿಸುವುದಿಲ್ಲವೆಂದು ಉತ್ತರ ಬಂದಾಗ, "ಕೆಟ್ಟಿರೋದು ಕಾಲು, ತಲೆ ಅಲ್ಲ. ನಾನು ಹೋಗೋಕಾಗದಿದ್ರೆ ಕೆಲಸಾನೇ ಇಲ್ಲಿಗೆ ಬರ್ಲಿ!" ಎಂದು ರೇಗಿದಳು. ಆಗ ಅವಳ ಮಂಚದ ಪಕ್ಕದಲ್ಲಿ ಕೂತು ಅವಳ ಪಾಲಿನ ಚಹಾವನ್ನೂ ಕುಡಿಯುತ್ತಿದ್ದವನು ನೀನೇ. ದೂರದ ಬಡ ದೇಶದ ಹೆರಿಗೆ ಆಸ್ಪತ್ರೆಯೊಂದಕ್ಕೆ ನೀನು ಇಮೇಲ್ ಬರೆದೆ. ಅವರಿಗೆ ಬೇಕಿದ್ದ ಸೂಲಗಿತ್ತಿಯರ ಕೈಪಿಡಿಯನ್ನು, ಹಿಂದೆ ಕಾಲೇಜಿನಲ್ಲಿ ಅವರ ಭಾಷೆ ಕಲಿಸುತ್ತಿದ್ದ ಅಕ್ಕ ಮಲಗಿದಲ್ಲೇ ಅನುವಾದಿಸಿದಳು.

ಅವಳು ಹಾಕಿದ್ದು ಒಂದೇ ನಿಯಮ. "ಕೂಲಿ ಬೇಡ. ಆದ್ರೆ ಮಾಡಿದವರ ಹೆಸರು ಕೆಲಸದ ಮೇಲಿರ್ಲಿ." ಇವತ್ತಿಗೂ ನಿಮ್ಮ ಸಂಸ್ಥೆಯಲ್ಲಿ ಒಂದು ಪುಟ ತಿದ್ದಿದವರ ಹೆಸರನ್ನೂ ಬಿಡದೆ ಹಾಕುತ್ತೀರಿ. ಮೊದಲ ಕೆಲಸ ಮಾಡಿದವಳ ಹೆಸರನ್ನು ಮಾತ್ರ ನೀನು ನುಂಗಿ ನೀರು ಕುಡಿದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ನನಗೆ ಹೊಟ್ಟೆ ಉರಿಯುತ್ತಿದೆ, ಮುಚ್ಚಿಟ್ಟು ಏನು ಪ್ರಯೋಜನ?

ನಿನ್ನ ಭಾಷಣಕ್ಕೆಂದು ಅಕ್ಕ ತಲೆ ಬಾಚಿಸಿಕೊಂಡು, ದಿಂಬು ಎತ್ತರಿಸಿಕೊಂಡು ಕಾದಿದ್ದಳು. ನೀನು ವಿಮಾನದ ಕಥೆ ತೆಗೆದಾಗಲೂ, "ತಾಳೇ, ಇದಿನ್ನೂ ಪೀಠಿಕೆ. ನಮ್ಮ ವಿಷಯ ಮುಂದೆ ಬರುತ್ತೆ" ಎಂದಳು. ಬರುವುದಿಲ್ಲವೆಂದು ನನಗೆ ಗೊತ್ತಾಗಿಹೋಯಿತು. ಮೆಲ್ಲಗೆ ಇಂಟರ್‌ನೆಟ್ ಪೆಟ್ಟಿಗೆಯ ವೈರು ಕಿತ್ತೆ. "ಥೂ, ನನ್ನ ಹೆಸರು ಹೇಳೋ ಹೊತ್ತಿಗೇ ಹೋಯ್ತಲ್ಲ!" ಎಂದು ಪೇಚಾಡಿದಳು. ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್ ಸಿಗುತ್ತದೆಂದು ಹೇಳಿ, ಉಳಿದದ್ದನ್ನು ನಾನು ಅಲ್ಲಿ ಕೂತು ಫೋನಿನಲ್ಲಿ ಕೇಳಿದೆ. ನೀನು ಕಾರಿನ ಚಾಲಕನಿಗೂ ಧನ್ಯವಾದ ಹೇಳಿದೆ, ಅವಳಿಗಿಲ್ಲ.

ಬೆಳಿಗ್ಗೆ ವ್ಯಾಯಾಮ ಮಾಡಿಸಲು ಬಂದ ನರ್ಸಮ್ಮನಿಗೆ ಅಕ್ಕ ಹೇಳುತ್ತಿದ್ದಳು: "ನಮ್ಮ ಗಡಿಬಿಡಿ ನನಗೆ ತಮ್ಮ ಇದ್ದ ಹಾಗೆ. ನಿನ್ನೆ ಅಷ್ಟು ಜನರ ಮುಂದೆ ನನ್ನ ಬಗ್ಗೆ ಹೇಳಿದ." ಆಮೇಲೆ ನನ್ನತ್ತ ತಿರುಗಿ, "ನೀನು ಫೋನಲ್ಲಿ ಕೇಳಿದ್ಯಲ್ಲ, ಏನಂದ ಹೇಳೇ" ಎಂದಳು. ಹಾಲು ಉಕ್ಕುತ್ತಿದೆಯೆಂದು ಅಡುಗೆಮನೆಗೆ ಓಡಿದೆ. ಸಂಜೆ ಮತ್ತೆ ಕೇಳುತ್ತಾಳೆ. ನೀನು ಏನಂದೆ ಎಂದು ಹೇಳಲಿ?

ನಿನಗೆ ಒಳ್ಳೆಯದಾಗಲಿ. ಇದು ಅಕ್ಕನ ಹಾರೈಕೆ. ನನ್ನದಿನ್ನೂ ಬಾಯಿಗೆ ಬರುತ್ತಿಲ್ಲ.

ಇಂತಿ,
ಅವಳ ಒಡಹುಟ್ಟಿದ ತಂಗಿ