ನಲವತ್ತೊಂದನೆಯ ಪೆಟ್ಟಿಗೆಯ ಕೊನೆಯ ಗಾಜು

ಗಾಜುಗುಡ್ಡ
ಅಳಿವಿನ ನಂತರದ ಇನ್ನೂರ ಹದಿನಾಲ್ಕನೆಯ ವರ್ಷ, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ

ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಮುನಿವೆಂಕಟಮ್ಮನವರಿಗೆ ಪಿಳ್ಳಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟುವುದಕ್ಕೆ ಇನ್ನೂ ನಾನೂರು ವರ್ಷವಿದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಹೇಳಿದ್ದನ್ನು ಓದುಗಾರ ಪಾಪಯ್ಯನವರು ನಿಮ್ಮ ಕಾಲದ ಅಕ್ಷರದಲ್ಲಿ ಬರೆಯುತ್ತಿದ್ದಾರೆ. ನಮ್ಮ ಸೀಮೆಗೆಲ್ಲ ಆ ಅಕ್ಷರ ಬಲ್ಲವರು ಅವರೊಬ್ಬರೇ. ನಿಮಗೂ ಓದು ಬರುತ್ತಿರಲಿಲ್ಲವೇನೋ. ನಮಗೆ ಸಿಕ್ಕ ಪೆಟ್ಟಿಗೆಯ ಚೀಟಿಯಲ್ಲಿ ನಿಮ್ಮ ಹೆಸರನ್ನು ಯಾರೋ ಗುಮಾಸ್ತರು ಬರೆದಿದ್ದಾರೆ, ಪಕ್ಕದಲ್ಲಿ ನೀವು ಹೆಬ್ಬೆಟ್ಟು ಒತ್ತಿದ್ದೀರಿ. ಹಾಗಾದರೆ ಇದನ್ನು ಯಾರಿಂದಲಾದರೂ ಓದಿಸಿಕೊಳ್ಳಿ, ತಾಯಿ. ಸ್ವಲ್ಪ ಬೇಗ ಓದಿಸಿಕೊಳ್ಳಿ.

ನಾನು ಅಗೆತದ ಮೇಳದ ಯಜಮಾನಿ. ಹಳೆಯ ಊರುಗಳನ್ನು ಅಗೆದು ಕಬ್ಬಿಣ, ತಾಮ್ರ, ಗಾಜು ತೆಗೆಯುವುದು ನಮ್ಮ ಕಸುಬು. ವರ್ಷಕ್ಕೆ ಎರಡು ಬೇಸಿಗೆ ಬರುವುದರಿಂದ ನಾವು ನೆಲಮನೆಗಳಲ್ಲಿ ಇರುತ್ತೇವೆ, ಅಂದರೆ ಅರ್ಧ ಮಣ್ಣಿನೊಳಗೆ ಹೂತ ಮನೆಗಳಲ್ಲಿ. ಮುಂಜಾವಿಗೆ ಎದ್ದು ರಾಗಿ ಅಂಬಲಿ ಕುಡಿದು ಗುದ್ದಲಿ ಹಿಡಿದರೆ, ಹೊತ್ತು ನೆತ್ತಿಗೆ ಬರುವುದರೊಳಗೆ ಒಳಗೆ ಸೇರಿಕೊಳ್ಳಬೇಕು. ನಮ್ಮ ಹತ್ತಿರ ಯಾರ ಮುಖದ ಚಿತ್ರವೂ ಇಲ್ಲ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಚಿತ್ರಗಳನ್ನೆಲ್ಲ ಗಾಜು ಕಾಗದ ಬಿಟ್ಟು ಗಾಳಿಯಲ್ಲಿ ಇಟ್ಟರಂತೆ. ಒಂದು ದಿನ ಅಷ್ಟೂ ಹೋಯಿತು. ಅದನ್ನೇ ನಾವು ಅಳಿವು ಎನ್ನುವುದು. ಚಿತ್ರ ಬರೆಯುವವರು ನಮ್ಮಲ್ಲೂ ಇಬ್ಬರಿದ್ದಾರೆ, ಆದರೆ ಅವರು ಬರೆದ ಮಕ್ಕಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಾರೆ.

ನನ್ನ ಮಗ ಕದಿರ ಆರು ವರ್ಷದವನಿದ್ದಾಗ ತೀರಿಕೊಂಡ. ಎದೆಯಲ್ಲಿ ದೂಳು ಗಟ್ಟಿಯಾಗುವ ಕಾಯಿಲೆ. ನಾವು ಎದೆಗಟ್ಟು ಎನ್ನುತ್ತೇವೆ. ಹನ್ನೊಂದು ವರ್ಷವಾಯಿತು. ಅವನ ಮುಖ ನನಗೆ ನೆನಪಿಲ್ಲ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡಿಸುವಾಗ ತಿಕ್ಕುತ್ತಿದ್ದ ಕಿವಿ ಒಂದು ನೆನಪಿದೆ, ಸುತ್ತ ಮುಖವಿಲ್ಲ. ಈಗ ಮಗಳು ದ್ಯಾವಿಗೂ ಅದೇ ಎದೆಗಟ್ಟು. ಅವಳಿಗೆ ಒಂಬತ್ತು ವರ್ಷ. ಈ ಬೇಸಿಗೆ ದಾಟುವುದಿಲ್ಲ ಎಂದು ಮದ್ದಿನವರು ಹೇಳಿಬಿಟ್ಟಿದ್ದಾರೆ.

ಹೀಗಿರುವಾಗ ನಮಗೆ ನಿಮ್ಮ ಕಾರ್ಖಾನೆ ಸಿಕ್ಕಿತು. ಗುಡ್ಡದ ಹೆಸರು ಮೊದಲಿನಿಂದಲೂ ಗಾಜುಗುಡ್ಡ, ಏಕೆಂದು ಯಾರೂ ಕೇಳಿರಲಿಲ್ಲ. ಮೂರು ಆಳುದ್ದ ಮಣ್ಣು ತೆಗೆದ ಮೇಲೆ ಕಿಟಕಿಯೇ ಇಲ್ಲದ ಉದ್ದನೆಯ ಕೋಣೆ, ಕಲ್ಲಿನ ಮೇಜುಗಳು, ಮೇಣ ಹಾಕಿ ಮುಚ್ಚಿದ ಶೀಶೆಗಳು, ಕಣ್ಣಿನಂಥ ಗಾಜು ಕೂರಿಸಿದ ಒಂದು ಮರದ ಡಬ್ಬ, ತಗಡು ಹೊದಿಸಿದ ಕಪಾಟು ಕಂಡವು. ಕಪಾಟಿನೊಳಗೆ ನವಿಲಿನ ಚಿತ್ರ ಅಂಟಿಸಿದ ಎಂಬತ್ತನಾಲ್ಕು ಪೆಟ್ಟಿಗೆ. ಕಿಟಕಿ ಇಲ್ಲದ್ದನ್ನು ನೋಡಿ, ಪಾಪ, ನಿಮಗೂ ಬಿಸಿಲಿನ ಕಾಟವಿತ್ತು ಎಂದುಕೊಂಡೆವು.

ಇನ್ನು ನನ್ನ ತಪ್ಪು. ನೆಲದಿಂದ ಬಂದ ಯಾವ ವಸ್ತುವನ್ನೂ ಮೂರು ದಿನ ಬಿಸಿಲು ತೋರಿಸದೆ ನಾವು ಮನೆಗೆ ಸೇರಿಸುವುದಿಲ್ಲ. ಹಳೆಯ ಮಣ್ಣಿನಿಂದ ಎದ್ದ ಜ್ವರಕ್ಕೆ ನಮ್ಮ ಅಜ್ಜಿಯಂದಿರ ಕಾಲದಲ್ಲಿ ಊರಿಗೆ ಊರೇ ಖಾಲಿಯಾಗಿತ್ತು. ಅಂದಿನಿಂದ ಬಂದ ಕಟ್ಟಳೆ ಇದು. ಪೆಟ್ಟಿಗೆಯ ಮೇಲೆ ಏನೋ ಅಚ್ಚಾಗಿತ್ತು. ಪಾಪಯ್ಯನವರು ಬರಲು ಮೂರು ದಿನದ ದಾರಿ. ಅವರು ಬರಲಿ ಎಂದು ಒಬ್ಬಿಬ್ಬರು ಅಂದರು. ನಾನೇ ಕೇಳಲಿಲ್ಲ. ಆತುರಗಾರರಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆಯೇ? ಪೆಟ್ಟಿಗೆ ಬಿಚ್ಚಿಸಿ, ಕಪ್ಪು ಕಾಗದ ಸುಲಿಸಿ, ಹತ್ತಿರ ಹತ್ತಿರ ಸಾವಿರ ಗಾಜನ್ನು ಬಿಸಿಲುಗಟ್ಟೆಯ ಮೇಲೆ ಹಪ್ಪಳದ ಹಾಗೆ ಹರವಿಸಿದೆ. ಹಾಲಿನ ಬಣ್ಣದ ಗಾಜು ನೋಡನೋಡುತ್ತಿದ್ದಂತೆ ಬೂದಿಯಾಗಿ, ಆಮೇಲೆ ನೇರಳೆಗೆ ತಿರುಗಿತು. ಬಿಸಿಲಿಗೆ ಬಣ್ಣ ಬಿಟ್ಟರೆ ವಿಷ ಇಳಿಯಿತು ಎಂದು ನಮ್ಮ ನಂಬಿಕೆ. ನಾವು ಕಟ್ಟೆಯ ಸುತ್ತ ನಿಂತು ಹಾಡು ಹೇಳಿದೆವು, ತಾಯಿ. ಎಲ್ಲರಿಗಿಂತ ಜೋರಾಗಿ ಹಾಡಿದವಳು ನಾನು.

ನಾಲ್ಕನೆಯ ದಿನ ಪಾಪಯ್ಯನವರು ಬಂದು ಮುಚ್ಚಳ ಓದಿದರು. ಓದಿ ನೆಲದ ಮೇಲೆ ಕೂತುಬಿಟ್ಟರು. "ಕತ್ತಲಲ್ಲಿ ತೆರೆಯತಕ್ಕದ್ದು. ಕೆಂಪು ದೀಪದ ಹೊರತು ಬೇರೆ ಬೆಳಕು ಸೋಕಕೂಡದು" ಎಂದಿತ್ತಂತೆ. ಒಳಗೋಡೆಯ ಮೇಲಿನ ಬರಹವನ್ನೂ ಓದಿ, ಈ ಗಾಜಿನ ಮೇಲೆ ಮನುಷ್ಯರ ಮುಖ ಹೇಗೆ ಇಳಿಯುತ್ತಿತ್ತು, ಶೀಶೆಯ ಉಪ್ಪುಗಳನ್ನು ಹೇಗೆ ಕಲಸಬೇಕು ಎಂದು ವಿವರಿಸಿದರು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು?

ನಾನು ಅಳುವುದನ್ನು ದ್ಯಾವಿ ಹಾಸಿಗೆಯಿಂದಲೇ ನೋಡುತ್ತಿದ್ದಳು. "ಅಮ್ಮ, ಬೈಯ್ಯಲ್ಲ ಅಂದ್ರೆ ಒಂದ್ ಮಾತ್ ಹೇಳ್ತೀನಿ," ಅಂದಳು. "ನವಿಲು ಚೆನ್ನಾಗೈತೆ ಅಂತ ಒಂದ್ ಪೆಟ್ಗೆ ನಾನ್ ಬಚ್ಚಿಟ್ಕೊಂಡಿವ್ನಿ. ಬಿಸ್ಲು ತೋರ್ಸಿಲ್ಲ." ಬಿಸಿಲು ಕಾಣದ ವಸ್ತುವನ್ನು ಮನೆಯೊಳಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ಊರು ಬಿಡಿಸುವಂಥ ಅಪರಾಧ. ಮಗಳ ಕಳ್ಳತನಕ್ಕೆ ಮುತ್ತಿಟ್ಟ ತಾಯಿ ನಾನೊಬ್ಬಳೇ ಇರಬೇಕು. ತಲೆದಿಂಬಿನ ಕೆಳಗಿನಿಂದ ಬಂದದ್ದು ನಲವತ್ತೊಂದನೆಯ ಪೆಟ್ಟಿಗೆ, ನಿಮ್ಮ ಹೆಬ್ಬೆಟ್ಟಿನ ಚೀಟಿ ಇದ್ದ ಪೆಟ್ಟಿಗೆ. ಒಳಗೆ ಹನ್ನೆರಡು ಗಾಜು.

ನಿಮ್ಮ ಕಿಟಕಿಯಿಲ್ಲದ ಕೋಣೆಗೆ ಕೆಂಪು ಬಟ್ಟೆ ಸುತ್ತಿದ ದೀಪ ತಂದೆವು. ದ್ಯಾವಿಯನ್ನು ಹೊತ್ತು ತಂದು ಬಾಗಿಲ ಹೊರಗಿನ ನೆರಳಿನಲ್ಲಿ, ಆ ಮರದ ಡಬ್ಬದ ಎದುರು ಕೂರಿಸಿದೆವು. ಇಪ್ಪತ್ತು ಎಣಿಸುವವರೆಗೆ ಅಲುಗಬಾರದು, ಕೆಮ್ಮಬಾರದು. "ಕೆಮ್ಮಿದ್ರೆ ನಂಗೆ ಎರಡು ಮೂಗು ಬಂದ್ಬಿಡ್ತವಾ?" ಎಂದು ಕೇಳಿ ಪಾಪಯ್ಯನವರನ್ನು ನಗಿಸಿದಳು. ಆಮೇಲೆ ಉಸಿರು ಕಟ್ಟಿ ಕೂತಳು. ಒಳಗೆ ಒಯ್ದು ಉಪ್ಪು ಕಲಸಿದ ನೀರಿನಲ್ಲಿ ಅದ್ದಿದರೆ ಮೊದಲ ಗಾಜು ಪೂರಾ ಕಪ್ಪಗಾಯಿತು. ಎರಡನೆಯದೂ ಹಾಗೇ. ಆರು ದಿನದಲ್ಲಿ ಹನ್ನೊಂದು ಗಾಜು. ಪ್ರತಿ ಸಲ ಕೂತಾಗಲೂ ಅವಳ ಉಸಿರು ಒಂದಿಷ್ಟು ಕಡಿಮೆಯಾದದ್ದು ನನಗೆ ಕಾಣುತ್ತಿತ್ತು. ಆದರೂ ಕೂರಿಸಿದೆ. ನನ್ನಂಥ ತಾಯಿಯನ್ನು ಏನೆನ್ನಬೇಕೋ ನೀವೇ ಹೇಳಿ.

ಹನ್ನೊಂದನೆಯ ಗಾಜಿನಲ್ಲಿ ಒಂದು ಮೂಲೆ ಉಳಿದಿತ್ತು. ಅಲ್ಲಿ ಕಪ್ಪು ಕಾಗದ ಮಡಚಿಕೊಂಡು ಎರಡು ಪದರವಾಗಿತ್ತು, ಮಿಕ್ಕ ಕಡೆ ಒಂದೇ ಪದರ. ನಾನೂರು ವರ್ಷದ ತೇವಕ್ಕೂ ಬೆಳಕಿನ ಎಳೆಗೂ ಒಂದು ಪದರ ಸಾಲಲಿಲ್ಲ, ಎರಡು ಪದರ ಸಾಕಾಗಿತ್ತು ಎಂದು ಪಾಪಯ್ಯನವರು ಹೇಳುತ್ತಾರೆ. ಆ ಮೂಲೆಯಲ್ಲಿ, ಕಪ್ಪು ಬಿಳುಪು ಅದಲುಬದಲಾಗಿ, ದ್ಯಾವಿಯ ಎಡಗಿವಿ ಬಂದಿದೆ. ಓಲೆ ಸಮೇತ, ಕೂದಲೆಳೆ ಸಮೇತ. ಇಬ್ಬರು ಮಕ್ಕಳನ್ನು ಹೆತ್ತ ನನಗೆ ಉಳಿದದ್ದು ಎರಡು ಕಿವಿ.

ಇನ್ನು ಉಳಿದಿರುವುದು ಒಂದೇ ಗಾಜು. ದ್ಯಾವಿ ಕೂರಬಲ್ಲದ್ದೂ ಇನ್ನೊಂದೇ ಸಲ; ಅದೂ ಬೆನ್ನಿಗೆ ನಾನು ಆಸರೆಯಾಗಿ ಕೂತಿದ್ದರೆ. ಶೀಶೆಯ ತಳದಲ್ಲಿ ಒಂದು ಸಲಕ್ಕಾಗುವಷ್ಟು ಉಪ್ಪಿದೆ.

ನೆಲದಿಂದ ಏನನ್ನಾದರೂ ತೆಗೆದವರು ಅದೇ ಜಾಗದಲ್ಲಿ ಹಿಂದಿನವರಿಗೆ ಒಂದು ಕಾಗದ ಹೂಳಬೇಕು. ಇದೂ ನಮ್ಮ ಕಟ್ಟಳೆ. ಋಣ ಒಪ್ಪಿಕೊಂಡು ಎರಡು ಸಾಲು ಬರೆದು ಮುಗಿಸುವುದು ವಾಡಿಕೆ. ಅದು ನಿಮ್ಮನ್ನು ತಲುಪುತ್ತದೆ ಎಂದು ಯಾರೂ ನಂಬುವುದಿಲ್ಲ, ಹೋದ ತಿಂಗಳವರೆಗೆ ನಾನೂ ನಂಬಿರಲಿಲ್ಲ. ಈಗ ನಂಬದೆ ನನಗೆ ಬೇರೆ ದಾರಿಯಿಲ್ಲ. ಈ ಕಾಗದವನ್ನು ನೀವು ಕೂರುತ್ತಿದ್ದ ಮೇಜಿನ ಸಂದಿಯಲ್ಲಿ ಇಡುತ್ತಿದ್ದೇನೆ.

ಮುನಿವೆಂಕಟಮ್ಮನವರೇ, ನಿಮಗೆ ಕೆಲಸದ ಅವಸರವಿರುತ್ತದೆ, ಆ ಕತ್ತಲಲ್ಲಿ ಕೂತು ಬೆನ್ನು ನೋಯುತ್ತಿರುತ್ತದೆ, ಮನೆಯಲ್ಲಿ ನಿಮಗೂ ಮಕ್ಕಳು ಕಾಯುತ್ತಿರುತ್ತವೆ. ಗೊತ್ತು. ಒಂದು ಸುತ್ತು ಸಾಕು ಎಂದು ಮೇಲಿನವರು ಹೇಳಿರಬಹುದು. ಉಳಿದ ಪೆಟ್ಟಿಗೆಗಳನ್ನು ಹೇಗೆ ಬೇಕಾದರೂ ಕಟ್ಟಿ. ನಲವತ್ತೊಂದನೆಯದರ ಹನ್ನೆರಡನೆಯ ಗಾಜು ಕೈಗೆ ಬಂದಾಗ ಮಾತ್ರ ಒಂದು ಗಳಿಗೆ ತಡೆಯಿರಿ. ಅದಕ್ಕೆ ಇನ್ನೊಂದು ಸುತ್ತು ಕಪ್ಪು ಕಾಗದ ಸುತ್ತಿ. ನನ್ನ ಮಗಳ ಹೆಸರು ದ್ಯಾವಿ. ನಕ್ಕರೆ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ. ನಾಳೆ ಬೆಳಿಗ್ಗೆ, ಬಿಸಿಲು ಬಾಗಿಲಿಗೆ ಬರುವ ಮೊದಲು, ನಾನು ಆ ಗಾಜನ್ನು ಬಿಚ್ಚುತ್ತೇನೆ. ಅಷ್ಟರೊಳಗೆ ಸುತ್ತಿಬಿಡಿ, ತಾಯಿ.