ರಾಯ್ಸ್ ಕಿತ್ತ ತಂತಿ

ಏಪ್ರಿಲ್ 12, ಶುಕ್ರವಾರ

ಆ ತಂತಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಾಳೆ ಬಾಸ್ ಮೀನು ಹಿಡಿಯುವ ಪಂದ್ಯ. ವಾರದಿಂದ ದೋಣಿಯ ಎಂಜಿನ್ ಓಡುತ್ತ ಓಡುತ್ತಲೇ ನಿಂತುಬಿಡುತ್ತಿತ್ತು. ಗಂಡ ರಾಯ್ಸ್ ಬ್ಯಾಟರಿ ಉಜ್ಜಿದ, ಪೆಟ್ರೋಲ್ ಫಿಲ್ಟರ್ ಬದಲಿಸಿದ, ನನ್ನ ಮೇಲೂ ರೇಗಿದ. ಕೊನೆಗೆ ನೋಡಿದರೆ ಕೆಟ್ಟಿದ್ದು ತುರ್ತು ಸ್ವಿಚ್. ಓಡಿಸುವವನು ನೀರಿಗೆ ಬಿದ್ದರೆ ಅವನ ಜಾಕೆಟ್ಟಿಗೆ ಸಿಕ್ಕಿಸಿದ ಕೆಂಪು ಹುರಿಯ ಎಳೆತಕ್ಕೆ ಎಂಜಿನ್ ನಿಲ್ಲಿಸುವುದು ಅದೇ. ಹೊಸದು ಬರುವುದು ಮಂಗಳವಾರ. ನನ್ನ ಗಂಡ ಏನು ಮಾಡಿದ? ಸ್ವಿಚ್ಚಿನ ತಂತಿಯನ್ನೇ ಕಿತ್ತ.

“ಈಗ ನೋಡು, ಹೆಂಗೆ ಓಡ್ತದೆ!”

“ನೀರಿಗೆ ಬಿದ್ರೆ ಏನ್ ಗತಿ?”

“ಮೂವತ್ತು ವರ್ಷದಿಂದ ಬಿದ್ದಿಲ್ಲ ಕಣೇ. ನೋಡು, ಹುರಿ ಸಿಕ್ಕಿಸ್ಕೊಂಡಿದೀನಿ. ಸಮಾಧಾನ ಆಯ್ತಾ?”

ತಂತಿ ಕಿತ್ತ ಮೇಲೆ ಹುರಿ ಎಳೆದರೂ ಎಂಜಿನ್ ನಿಲ್ಲುವುದಿಲ್ಲ. ಪಂದ್ಯದ ತಪಾಸಣೆಯವರಿಗೆ ಹುರಿ ಕಂಡರೆ ಸಾಕು. ನನಗೂ ಅಷ್ಟೇ ಸಾಕೆಂದುಕೊಂಡ.

ಪಕ್ಕದ ಮನೆಯ ವರ್ಲನ್ ಕೂಡ ಎಂದೂ ಬಿದ್ದವನಲ್ಲ. ಹೋದ ವರ್ಷ ಬಿದ್ದ ದಿನ ಅವನ ಹುರಿ ಸೀಟಿನ ಮೇಲೇ ಇತ್ತು. ಖಾಲಿ ದೋಣಿ ಒಂದು ಸುತ್ತು ಹಾಕಿಕೊಂಡು ಅವನ ಮೇಲೆಯೇ ಬಂತು. ಅವನನ್ನು ಮಣ್ಣು ಮಾಡಿದ ದಿನ ಅವನ ಹೆಂಡತಿ ಡಾರ್ಲಾಗೆ ನಾನು ಮೆಕ್ಕೆಜೋಳದ ಬ್ರೆಡ್ ಒಯ್ದಿದ್ದೆ. ಆ ತಟ್ಟೆ ಅವಳು ಹಿಂದಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ರಾಯ್ಸ್ ಗಾಳ ಜೋಡಿಸುತ್ತ ಕೂತಾಗ ದೋಣಿ ನಿಲ್ಲಿಸಿದ್ದ ಶೆಡ್ಡಿಗೆ ಹೋಗಿ ತಂತಿ ಮತ್ತೆ ಸೇರಿಸಿ ಬಂದೆ. ಈಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ನಾಳೆ ಎಂಜಿನ್ ನಡುನೀರಿನಲ್ಲಿ ಕೈಕೊಡುತ್ತದೆ, ಪಂದ್ಯ ಹೋಗುತ್ತದೆ, ಮನೆಗೆ ಬಂದು ನನ್ನ ಜನ್ಮ ಜಾಲಾಡುತ್ತಾನೆ.

ಜಾಲಾಡಲಿ. ಮನೆಗೆ ಬಂದು ಜಾಲಾಡಲಿ.