ಪಕ್ಕದ ಮನೆಯವರ ಒಪ್ಪಿಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಎಂದಿನಂತೆ ಕಾಫಿ ಹಿಡಿದು ಹಿತ್ತಲಿಗೆ. ಮೂರು ಜೇನುಪೆಟ್ಟಿಗೆ, ಮೂರಕ್ಕೂ ಬೇರೆ ಬೇರೆ ದನಿ. ಮೊದಲನೆಯದು ತಗ್ಗಿನ ದನಿ. ಎರಡನೆಯದು ಸದಾ ಗೊಣಗುತ್ತದೆ. ಮೂರನೆಯದು — ಪಕ್ಕದ ಕೋಣೆಯಲ್ಲಿ ಯಾರೋ ಹಾಡು ಕಲಿಯುತ್ತಿರುವ ಹಾಗೆ.

ಇವತ್ತು ಮೊದಲನೆಯದು ತೀರ ಮೆತ್ತಗಿತ್ತು. ಮುಚ್ಚಳ ತೆಗೆದೆ. ವಾಸನೆ... ಹಳೆಯ ಅಂಟನ್ನು ಬಿಸಿ ಮಾಡಿದಾಗ ಬರುತ್ತದಲ್ಲ, ಅದು. ಎರಿಯಲ್ಲಿ ಮರಿಗಳಿರುವ ಕೋಣೆಗಳ ಮೇಲ್ಪದರ ಒಳಕ್ಕೆ ಕುಸಿದಿದೆ. ಬೆಂಕಿಕಡ್ಡಿ ಚುಚ್ಚಿ ಎಳೆದೆ. ಕಂದು ಅಂಟು ನೂಲಿನ ಹಾಗೆ ಬಂತು. ಎಳೆದಷ್ಟೂ ಬಂತು.

ಜೇನು ತಪಾಸಣೆಯ ಮೇಡಂಗೆ ಫೋನ್ ಮಾಡಿದ್ದೇನೆ. ನಾಳೆ ಬರುತ್ತಾರಂತೆ.

ಮಾರ್ಚ್ 4, ಮಂಗಳವಾರ

ಮೇಡಂ ಬಂದರು. ನನ್ನ ಮಗಳಾಗುವಷ್ಟು ಚಿಕ್ಕವಳು, ಆದರೆ ಪೆಟ್ಟಿಗೆಯ ಮುಂದೆ ಕೂತಾಗ ದೊಡ್ಡ ಡಾಕ್ಟರಂತೆ ಕಾಣುತ್ತಾಳೆ. ಮರಿ ಕೊಳೆಯುವ ರೋಗವಂತೆ, ಮೊದಲೆರಡು ಪೆಟ್ಟಿಗೆಗೂ ಬಂದಿದೆ. ಮೂರನೆಯದು ಸದ್ಯಕ್ಕೆ ಶುದ್ಧ.

“ಔಷಧಿ ಏನಾದ್ರೂ?” ಅಂದೆ.

“ಇಲ್ಲ ಮೇಡಂ. ಇದಕ್ಕೆ ಬೆಂಕಿ ಒಂದೇ. ಪೆಟ್ಟಿಗೆ, ಎರಿ, ನೊಣ, ಎಲ್ಲಾ. ಬಿಟ್ರೆ ಬೇರೆ ಜೇನುಗಳು ಬಂದು ಇದರ ತುಪ್ಪ ಕದ್ದು ಒಯ್ತವೆ. ಒಂದು ತಿಂಗಳಲ್ಲಿ ಈ ಕಡೆ ಒಂದು ಗೂಡೂ ಉಳಿಯಲ್ಲ.”

ಹದಿನಾಲ್ಕನೇ ತಾರೀಖಿನೊಳಗೆ ಸುಡಬೇಕು. ಕಾಗದದಲ್ಲಿ ಬರೆದು, ಸಹಿ ಹಾಕಿ, ನನ್ನ ಕೈಗೇ ಕೊಟ್ಟಳು. ಹೋಗುವಾಗ ಗೇಟಿನ ಹತ್ತಿರ ನಿಂತು, “ಸಾರಿ,” ಅಂದಳು. ಟೀ ಕುಡಿದು ಹೋಗು ಅಂದೆ. ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಾರ್ಚ್ 5, ಬುಧವಾರ

ಕನ್ನಡಕದ ಅಂಗಡಿಗೆ ಅರ್ಧ ದಿನ ರಜೆ. ಮುನಿಸಿಪಾಲಿಟಿಗೆ ಹೋದೆ.

ನಮ್ಮ ಊರಲ್ಲಿ ಮನೆ ಹಿತ್ತಲಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಎಲೆ ಇಲ್ಲ, ಕಸ ಇಲ್ಲ, ಕಾಗದದ ಚೂರೂ ಇಲ್ಲ. ವಿಶೇಷ ಪರವಾನಗಿ ಬೇಕು. ಗುಮಾಸ್ತ ಫಾರಂ ತೆಗೆದು ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದ. ಸೂರ್ಯ ಹುಟ್ಟಿದ ಮೇಲೆ, ಹತ್ತು ಗಂಟೆಯೊಳಗೆ. ಗಾಳಿ ಇರಬಾರದು. ಒಂದೂವರೆ ಅಡಿ ಗುಂಡಿ. ನೀರಿನ ಪೈಪು. ಇಬ್ಬರು ದೊಡ್ಡವರು.

“ಏನ್ ಸುಡ್ತೀರಾ?”

“ಜೇನುಪೆಟ್ಟಿಗೆ. ಜೇನು ಸಮೇತ.”

ಪೆನ್ನು ನಿಂತಿತು. “ಜೇನು ಅಂತ ಬರೆದ್ರೆ ಫೈಲು ಪ್ರಾಣಿಗಳ ವಿಭಾಗಕ್ಕೆ ಹೋಗತ್ತೆ ಮೇಡಂ. ಅಲ್ಲಿಂದ ವಾಪಸ್ ಬಂದ ಫೈಲು ನಾನು ನೋಡಿಲ್ಲ. ಮರದ ಪೆಟ್ಟಿಗೆ ಅಂತ ಬರೀರಿ.”

ಬರೆದೆ. ಕೊನೆಯ ಸಾಲು — ಪಕ್ಕದ ಮನೆಯವರ ಲಿಖಿತ ಒಪ್ಪಿಗೆ.

ನನಗೆ ಒಂದು ಕಡೆ ರಸ್ತೆ, ಹಿಂದೆ ಶಾಲೆಯ ಗೋಡೆ. ಪಕ್ಕದ ಮನೆ ಅಂತ ಇರುವುದು ಒಂದೇ. ಅಕ್ಕನದು.

ಈ ನಿಯಮ ಬಂದದ್ದೇ ಅಕ್ಕನ ಅರ್ಜಿಯಿಂದ. ಬೀದಿಯವರೆಲ್ಲರ ಸಹಿ ತೆಗೆದುಕೊಂಡಳು, ನಮ್ಮನೆ ಗೇಟೊಂದನ್ನು ಬಿಟ್ಟು.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ

ಕನಸು. ಭಾವ ಕಾಂಪೌಂಡ್ ಗೋಡೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದರು. ಅಂಗಿಯ ಜೇಬಿನೊಳಗೆ ಜೇನ್ನೊಣಗಳು ಹೋಗಿ ಬಂದು ಮಾಡುತ್ತಿದ್ದವು, ಅದೇ ಬಾಗಿಲು ಅನ್ನುವ ಹಾಗೆ. ಕಚ್ಚಲ್ವಾ ಭಾವ? ಅಂದೆ. ಇಲ್ಲ, ಉಸಿರು ತಂದುಕೊಡ್ತಿದಾವೆ, ಅಂದರು. ಅವರ ಎದೆ ಏರಿ ಇಳಿಯುತ್ತಿತ್ತು, ಸಲೀಸಾಗಿ, ನಿದ್ದೆ ಹೋದ ಮಗುವಿನ ಹಾಗೆ. ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಎದ್ದಾಗ ಕಿಟಕಿಯಲ್ಲಿ ಬೆಳಕು ಜೇನಿನ ಬಣ್ಣಕ್ಕಿತ್ತು.

ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ.

ನಾಲ್ಕು ವರ್ಷದ ಹಿಂದೆ, ಒಂದು ಸಂಜೆ. ಎಲೆ ರಾಶಿ ಹಾಕಿ ಹಚ್ಚಿದೆ. ಹಿಂದಿನ ದಿನದ ಮಳೆಗೆ ಒದ್ದೆಯಾಗಿತ್ತು. ಉರಿಯಲಿಲ್ಲ, ಬರೀ ಹೊಗೆ, ಬಿಳಿ, ದಪ್ಪ. ಗಾಳಿ ತಿರುಗಿತು. ಗೋಡೆಯಾಚೆ ಭಾವ ಕಿಟಕಿ ಪಕ್ಕ ಮಲಗಿದ್ದರು. ಮೊದಲೇ ಉಬ್ಬಸ. ಹನ್ನೊಂದು ದಿನ ಆಸ್ಪತ್ರೆ. ಆಮೇಲೆ ಮನೆಗೆ ಬಂದರೂ ಆಕ್ಸಿಜನ್ ಸಿಲಿಂಡರ್ ಬಿಟ್ಟು ಇರಲಾಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಹೋದರು.

ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ನೋಡಿದಳು. ಏನೂ ಕೇಳಿರಲಿಲ್ಲ. ನಾನೇ ಬಾಯಿ ಬಿಟ್ಟೆ. “ಗಾಳಿ ತಿರುಗಿಬಿಡ್ತು ಅಕ್ಕ, ನಾನೇನ್ ಮಾಡ್ಲಿ,” ಅಂದೆ.

ಅದೇ ಕೊನೆಯ ಮಾತು. ಸಾವಿನ ಮನೆಯಲ್ಲೂ ಮಾತಿಲ್ಲ. ಬಟ್ಟೆ ಒಣಹಾಕುವಾಗ ಗೋಡೆಯಾಚೆ ಅವಳ ತಲೆ ಕಾಣುತ್ತದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಕಂಡರೆ ಒಳಗೆ ಹೋಗುತ್ತಾಳೆ.

ಮಾರ್ಚ್ 8, ಶನಿವಾರ. ಸಂಜೆ 5

ಮೂರು ಸಲ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಬೆಲ್ ಒತ್ತಿದೆ.

ಬಾಗಿಲು ತೆಗೆದಳು. ನನ್ನನ್ನಲ್ಲ, ಕೈಯಲ್ಲಿದ್ದ ಫಾರಂ ನೋಡಿದಳು. ಆ ಫಾರಂ ಅವಳಿಗೆ ಚೆನ್ನಾಗಿ ಗೊತ್ತು. ಒಳಗೆ ಹೋಗಿ ಕೂತಳು. ಬಾ ಅನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಹೋದೆ.

ಕನ್ನಡಕ ಹಾಕಿಕೊಂಡು ಕಾಗದವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಎಡಗಣ್ಣಿನ ನಂಬರ್ ಬದಲಾಗಿದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ನನ್ನದು, ನೋಡಿದರೆ ಸಾಕು. ಹೇಳಲಿಲ್ಲ. ನಾನೇ ಓದಿ ಹೇಳಿದೆ.

“ಮರದ ಪೆಟ್ಟಿಗೆ ಅಂತ ಇದೆ,” ಅಂದಳು.

“ಜೇನು ಅಕ್ಕ. ಎರಡು ಗೂಡು. ರೋಗ ಬಂದಿದೆ. ಸುಡದಿದ್ರೆ ಎಲ್ಲಾ ಕಡೆ ಹರಡತ್ತೆ.”

“ಹೊಗೆ?”

“ಬರತ್ತೆ. ಒಂದರ್ಧ ಗಂಟೆ.”

“ಗಾಳಿ ತಿರುಗಿದ್ರೆ?”

ಭಾವನ ಕುರ್ಚಿ ಅಲ್ಲೇ, ಕಿಟಕಿ ಪಕ್ಕ. ಅದರ ಮೇಲೆ ಮಡಿಸಿಟ್ಟ ಬಟ್ಟೆ.

“ಅವತ್ತು ಗಾಳಿ ಅಲ್ಲ ಅಕ್ಕ,” ಅಂದೆ. “ಎಲೆ ಒದ್ದೆ ಇದೆ ಅಂತ ಗೊತ್ತಿತ್ತು. ಭಾವ ಅಲ್ಲಿ ಮಲಗಿರ್ತಾರೆ ಅಂತಾನೂ ಗೊತ್ತಿತ್ತು. ಅಂಗಳ ಕ್ಲೀನ್ ಆಗ್ಬೇಕಿತ್ತು ನಂಗೆ, ಅಷ್ಟೇ. ಹಚ್ಚಿದ್ದು ನಾನು.”

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಒರೆಸಿದಳು, ಒರೆಸಿದಳು. ಹಾಗೆ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ, ಗಿರಾಕಿಗಳಿಗೆ ದಿನಾ ಹೇಳುತ್ತೇನೆ.

“ಇಟ್ಟು ಹೋಗು,” ಅಂದಳು.

ಮಾರ್ಚ್ 10, ಸೋಮವಾರ

ಸುದ್ದಿ ಇಲ್ಲ. ಎರಡನೇ ಪೆಟ್ಟಿಗೆಯೂ ಗೊಣಗುವುದನ್ನು ನಿಲ್ಲಿಸಿದೆ. ಬಾಗಿಲಲ್ಲಿ ನಾಲ್ಕಾರು ನೊಣ, ಮಂಕಾಗಿ, ಯಾವ ಕಡೆ ಹೋಗಬೇಕೆಂದು ಮರೆತಂತೆ. ಬೇರೆ ಗೂಡಿನವು ಸುತ್ತ ಸುಳಿಯುತ್ತಿವೆ. ಬಾಗಿಲಿಗೆ ಪಟ್ಟಿ ಹೊಡೆದು ಕಿರಿದು ಮಾಡಿದೆ. ಇನ್ನು ನಾಲ್ಕು ದಿನ.

ಮಾರ್ಚ್ 11, ಮಂಗಳವಾರ

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರಿಗೆ ಫ್ರೇಮಿನ ಕಾಲು ಬಿಸಿ ಮಾಡಿ ಬಗ್ಗಿಸುತ್ತಿದ್ದೆ. ತಲೆ ಎತ್ತಿದರೆ ಅಕ್ಕ. ಗಿರಾಕಿಯ ಹಿಂದೆ ಸಾಲಿನಲ್ಲಿ ನಿಂತಿದ್ದಾಳೆ, ಎಲ್ಲರಂತೆ. ನನ್ನ ಕೈ ಸುಟ್ಟಿತು.

ಅವಳ ಸರದಿ ಬಂತು. ಕೌಂಟರ್ ಮೇಲೆ ಫಾರಂ ಇಟ್ಟಳು. ಸಹಿ ಇದೆ. ಸಹಿಯ ಕೆಳಗೆ ಓರೆಕೋರೆ ಅಕ್ಷರದಲ್ಲಿ ಒಂದು ಸಾಲು — ಹಚ್ಚುವಾಗ ನಾನು ಅಲ್ಲಿರುತ್ತೇನೆ.

“ಇಬ್ಬರು ದೊಡ್ಡವರು ಬೇಕು ಅಂತಿದೆಯಲ್ಲ,” ಅಂದಳು. “ನಿನ್ನ ಹತ್ರ ಇನ್ಯಾರಿದ್ದಾರೆ?”

“ಯಾರೂ ಇಲ್ಲ.”

“ಮತ್ತೆ?”

ಹೊರಟಳು. ಬಾಗಿಲ ತನಕ ಹೋಗಿ, ತಿರುಗದೆಯೇ ಅಂದಳು. “ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಇನ್ನೂ ಇಲ್ಲ.”

ಸಂಜೆ ಮುನಿಸಿಪಾಲಿಟಿಯಲ್ಲಿ ಗುಮಾಸ್ತ ಸೀಲು ಹೊಡೆದ. ಗುರುವಾರ ಬೆಳಿಗ್ಗೆಗೆ.

ಮಾರ್ಚ್ 12, ಬುಧವಾರ. ರಾತ್ರಿ 8

ಗುಂಡಿ ತೋಡಿ ಆಯಿತು. ಕತ್ತಲಾಗುವವರೆಗೆ ಕಾದೆ, ಎಲ್ಲವೂ ಮನೆಗೆ ಬರಲಿ ಅಂತ. ಕೊನೆಯ ಒಂದು ನೊಣ, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು, ನಿಧಾನಕ್ಕೆ ಬಂದು ಒಳಗೆ ಹೋಯಿತು. ಬಾಗಿಲು ಮುಚ್ಚಿದೆ. ಮೇಡಂ ಹೇಳಿದಂತೆ ಮೇಲಿನಿಂದ ಒಂದೊಂದು ಲೋಟ ಪೆಟ್ರೋಲ್. ಅದರ ಆವಿಗೇ ಸಾಯುತ್ತವಂತೆ, ನೋವು ಗೊತ್ತಾಗುವುದಿಲ್ಲವಂತೆ. ಒಂದು ಸಲ ಜೋರಾಗಿ ಮೊರೆದವು. ಆಮೇಲೆ ಕಡಿಮೆ. ಆಮೇಲೆ ನನ್ನ ಕಿವಿಯಲ್ಲಿ ಮಾತ್ರ.

ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಮಾರ್ಚ್ 13, ಗುರುವಾರ

ಸೂರ್ಯ ಹುಟ್ಟುವ ಮೊದಲೇ ಅಕ್ಕ ಗೇಟಿನಲ್ಲಿ. ಸ್ವೆಟರ್ ಹಾಕಿದ್ದಳು, ಭಾವನದು, ತೋಳು ಮಡಿಸಿ. ಮಂಜಿತ್ತು. ಎಲೆ ಅಲುಗುತ್ತಿರಲಿಲ್ಲ. ಅಕ್ಕ ಬೆರಳು ಒದ್ದೆ ಮಾಡಿ ಮೇಲಕ್ಕೆ ಹಿಡಿದಳು, ಬಹಳ ಹೊತ್ತು. ನಾಲ್ಕು ವರ್ಷದಿಂದ ದಿನಾ ಹೀಗೇ ಮಾಡಿದವಳಂತೆ.

“ಗಾಳಿ ಇಲ್ಲ,” ಅಂದಳು. “ಹಚ್ಚು.”

ಕಡ್ಡಿ ಗೀರಿದೆ. ಎರಡು ಕಡ್ಡಿ ಮುರಿದವು. ಅಕ್ಕ ಹಿಡಿದಿದ್ದ ನೀರಿನ ಪೈಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆಂಕಿಪೊಟ್ಟಣ ಕಿತ್ತುಕೊಂಡು ತಾನೇ ಗೀರಿದಳು. ಉರಿಯುವ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. ಗುಂಡಿಯಲ್ಲಿದ್ದ ಗೂಡುಗಳ ಮೇಲೆ ನಾನು ಹಾಕಿದೆ.

ಮೇಣ ಕರಗಿತು. ಉರಿ ಮೊದಲು ನೀಲಿ, ಆಮೇಲೆ ಚಿನ್ನ. ಹೊಗೆ ನೆಟ್ಟಗೆ ಮೇಲೆ ಹೋಯಿತು, ದಾರ ಬಿಟ್ಟ ಹಾಗೆ, ಶಾಲೆಯ ಮಾಡು ದಾಟಿ, ಬಿಸಿಲು ಇರುವಲ್ಲಿಗೆ. ಬೀದಿಯೆಲ್ಲ ಜೇನಿನ ವಾಸನೆ. ಇಂಥ ಹೊತ್ತಿನಲ್ಲಿ ಇಷ್ಟು ಸಿಹಿ ವಾಸನೆ ಬರಬಾರದಿತ್ತು.

ಅಕ್ಕ ಕಣ್ಣೊರೆಸಿದಳು. ಹೊಗೆ ಅವಳ ಕಡೆ ಬಂದೇ ಇರಲಿಲ್ಲ.

“ಹನ್ನೊಂದು ದಿನವೂ ನೀನು ಆಸ್ಪತ್ರೆ ಗೇಟಲ್ಲಿ ನಿಂತಿರ್ತಿದ್ದೆ,” ಅಂದಳು. “ಅವ್ರು ವಾರ್ಡಿನ ಕಿಟಕಿಯಿಂದ ನೋಡಿದ್ರು. ಕರಿ ಅಂದ್ರು. ನಾನು ಕರೀಲಿಲ್ಲ.”

ಎಂಟೂವರೆಗೆ ಬೂದಿಗೆ ನೀರು ಹೊಡೆದು ಮಣ್ಣು ಮುಚ್ಚಿದೆವು. ಒಂದೊಂದು ಸಲಿಕೆ ಅವಳು, ಒಂದೊಂದು ನಾನು.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10

ಬಹಳ ದಿನದಿಂದ ಬರೆದಿಲ್ಲ. ಮೇಡಂ ಎರಡು ಸಲ ಬಂದು ನೋಡಿದಳು. ಮೂರನೇ ಪೆಟ್ಟಿಗೆ ಶುದ್ಧವಾಗಿದೆ, ಶುದ್ಧವಷ್ಟೇ ಅಲ್ಲ, ತುಂಬಿ ತುಳುಕುತ್ತಿದೆ. ಎರಡು ಪಾಲಾಗಿ ಹಾರಬಹುದು, ಹೊಸ ಪೆಟ್ಟಿಗೆ ಸಿದ್ಧ ಇಟ್ಕೊಳ್ಳಿ ಅಂದಳು. ಬಡಗಿಗೆ ಹೇಳಿದ್ದೇನೆ. ನಾಳೆ, ನಾಡಿದ್ದು ಅನ್ನುತ್ತಿದ್ದಾನೆ.

ಅಕ್ಕ ಮಾತಾಡುತ್ತಾಳೆ. ಜಾಸ್ತಿ ಅಲ್ಲ. ಮೊನ್ನೆ ನೀರು ಬಂತಾ ಅಂತ ಕೇಳಿದಳು. ನಿನ್ನೆ, ಬಂದಿದೆ ಅಂತ ತಾನೇ ಹೇಳಿದ—

ಗೋಡೆಯಾಚೆಯಿಂದ ಕರೆಯುತ್ತಿದ್ದಾಳೆ. ಹೆದರಿದ ದನಿ ಅಲ್ಲ.

“ಪುಟ್ಟೀ, ನಿಮ್ಮೋರು ಬಂದಿದಾರೆ. ಸುಮಾರು ಜನ. ಕಿಟಕಿ ಸರಳಿಗೆ ಜೋತು ಬಿದ್ದಿದಾರೆ. ಎಲ್ಲಿ ಕೂರ್ಸ್ಲಿ?”

ಜೇನು ಹಾರಿದೆ. ಬಿಳಿ ಬಟ್ಟೆ, ಮೆತ್ತನೆ ಬ್ರಷ್ಷು... ಹೊಸ ಪೆಟ್ಟಿಗೆ ಇನ್ನೂ ಬಡಗಿ ಹತ್ತಿರವೇ. ಅಕ್ಕನ ಮನೆಯಲ್ಲಿ ಮರದ ಡಬ್ಬ ಯಾವುದಾದರೂ ಇರುತ್ತದೆ. ಹೊರಟೆ.